ಅಕಾಲಜಾತ ಶಿಶುಗಳ ಹೃದಯನಾಳಕ್ಕೆ ಔಷಧ ಚಿಕಿತ್ಸೆ: ಒಂದು ಚರಿತ್ರೆಯ ವಿಮರ್ಶೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರಲ್ಲಿ ಒಂದು ರೂಢಿಯುಂಟು. ರೋಗ ಕಂಡಿತು, ಕಾರಣ ತಿಳಿಯಿತು, ಮದ್ದು ದೊರೆಯಿತು ಎಂದು ಮೂರು ಮೆಟ್ಟಿಲುಗಳಲ್ಲಿ ಕಥೆಯನ್ನು ಮುಗಿಸಿಬಿಡುತ್ತಾರೆ. ದಿನತುಂಬದ ಶಿಶುಗಳ ಹೃದಯದ ಬಳಿಯ ಒಂದು ನಾಳವನ್ನು ಔಷಧದಿಂದ ಮುಚ್ಚಿಸಿದ ಕಥೆಯನ್ನೂ ಹೀಗೆಯೇ ಹೇಳುವುದುಂಟು. ಆಧಾರಗಳು ಈ ಕಥೆಯನ್ನು ಎಷ್ಟರ ಮಟ್ಟಿಗೆ ಸಮರ್ಥಿಸುತ್ತವೆಂಬುದೇ ಇಲ್ಲಿಯ ವಿಚಾರ. ಲೇಖಕನು ವೈದ್ಯನಲ್ಲ, ಚರಿತ್ರೆಯ ಅಧ್ಯಾಪಕ. ಚಿಕಿತ್ಸೆಯನ್ನು ಕುರಿತು ಸಲಹೆ ಕೊಡುವುದು ಅವನ ಅಧಿಕಾರಕ್ಕೆ ಸೇರಿದ್ದಲ್ಲ.

ಗರ್ಭಸ್ಥ ಶಿಶು ಶ್ವಾಸಕೋಶಗಳಿಂದ ಉಸಿರಾಡುವುದಿಲ್ಲವಾದ್ದರಿಂದ, ಅತ್ತ ಹೊರಟ ರಕ್ತದ ಬಹುಭಾಗವನ್ನು ಮಹಾಧಮನಿಗೆ ತಿರುಗಿಸುವ ಅಡ್ಡನಾಳವೊಂದಿರುತ್ತದೆ. ಡಕ್ಟಸ್ ಆರ್ಟೀರಿಯೋಸಸ್ ಎಂದು ಇದರ ಹೆಸರು. ದಿನತುಂಬಿದ ಶಿಶುವಿನಲ್ಲಿ ಇದು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಕಾಲಜಾತ ಶಿಶುವಿನಲ್ಲಿ ಅನೇಕ ವೇಳೆ ತೆರೆದೇ ಉಳಿದು, ರಕ್ತವು ಶ್ವಾಸಕೋಶಗಳಿಗೆ ಮಿತಿಮೀರಿ ನುಗ್ಗುತ್ತದೆ. ಇದನ್ನು ಬಹುಕಾಲ ಬೊಟಾಲೊನ ಹೆಸರಿನಿಂದ ಕರೆದರು. ಹದಿನಾರನೆಯ ಶತಮಾನದ ಆ ವೈದ್ಯನು ವರ್ಣಿಸಿದ್ದು ಹೃತ್ಕರ್ಣಗಳ ನಡುವಣ ಬೇರೊಂದು ರಂಧ್ರವನ್ನು. ಈ ನಾಳವಾದರೋ ಗೇಲನ್‌ನಿಗೇ ತಿಳಿದಿತ್ತು. ಚರಿತ್ರೆಯ ತಪ್ಪು ಹೆಸರಿನಿಂದಲೇ ಮೊದಲಾಯಿತು!

೧೯೩೮ರಲ್ಲಿ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಏಳು ವರ್ಷದ ಬಾಲಕಿಯೊಬ್ಬಳ ಎದೆಯನ್ನು ತೆರೆದು ಈ ನಾಳವನ್ನು ಕಟ್ಟಿದರು. ೧೯೭೧ರಲ್ಲಿ ಜಾನ್ ವೇನ್, ಆಸ್ಪಿರಿನ್ನಿನಂತಹ ಮದ್ದುಗಳು ದೇಹದಲ್ಲಿ ಪ್ರಾಸ್ಟಗ್ಲಾಂಡಿನ್ನುಗಳ ಉತ್ಪತ್ತಿಯನ್ನು ತಡೆಯುತ್ತವೆಂದು ತೋರಿಸಿದರು. ನಾಳವನ್ನು ತೆರೆದಿಡುವುದು ಈ ದ್ರವ್ಯಗಳೇ ಎಂಬುದೂ ಬೇಗನೆ ತಿಳಿಯಿತು. ೧೯೭೬ರಲ್ಲಿ ಕ್ಯಾಲಿಫೋರ್ನಿಯದ ಎರಡು ತಂಡಗಳು, ಹೇಮನ್ ಮತ್ತು ರುಡಾಲ್ಫರದೊಂದು, ಫ್ರೀಡ್‌ಮನ್ನರದೊಂದು, ಇಂಡೊಮೆಥಸಿನ್ ಕೊಟ್ಟು ನಾಳವನ್ನು ಮುಚ್ಚಿಸಿದ ವಾರ್ತೆಯನ್ನು ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು.

ನಮ್ಮ ಆಕ್ಷೇಪ ಇಲ್ಲಿಂದ ಮೊದಲಾಗುತ್ತದೆ. ಶಿಶುಗಳು ಕೆಲವೇ, ಮದ್ದು ಪಡೆಯದವರೊಡನೆ ಹೋಲಿಕೆಯಿಲ್ಲ, ನಾಳ ಮುಚ್ಚಿತೆಂಬುದೇ ಫಲ. ಅರಸನ ಆಳಿಕೆಯನ್ನು ಅವನ ಪ್ರಶಸ್ತಿಶಾಸನದಿಂದಲೇ ಅಳೆಯುವವರನ್ನು ನಾವು ತರಗತಿಯಲ್ಲಿ ಎಚ್ಚರಿಸುತ್ತೇವೆ. ಇಲ್ಲಿಯೂ ಅದೇ ಎಚ್ಚರಿಕೆ ಬೇಕಾಗಿತ್ತು. ನಾಳ ತೆರೆದಿದ್ದರೆ ಮಾತ್ರ ಬದುಕಬಲ್ಲ ಕೆಲವು ಜನ್ಮಜಾತ ಹೃದ್ರೋಗಗಳಲ್ಲಿ ಪ್ರಾಸ್ಟಗ್ಲಾಂಡಿನ್ ಕೊಟ್ಟು ಅದನ್ನು ತೆರೆದಿಡುತ್ತಾರೆ. ಅಲ್ಲಿ ನಾಳದ ಸ್ಥಿತಿಯೇ ಶಿಶುವಿನ ಗತಿ. ಅಕಾಲಜಾತರಲ್ಲಿ ಹಾಗೆಂದು ಸಿದ್ಧವಾಗಿರಲಿಲ್ಲ.

೨೦೦೦ದಲ್ಲಿ ಐಬುಪ್ರೊಫೆನ್ನನ್ನು ಇಂಡೊಮೆಥಸಿನ್ನಿಗೆ ಹೋಲಿಸಿದ ಪರೀಕ್ಷೆಯೂ ಮುಚ್ಚಿದ ನಾಳಗಳನ್ನೇ ಮುಖ್ಯವಾಗಿ ಎಣಿಸಿತು: ಶೇಕಡ ೭೦, ಶೇಕಡ ೬೬. ಮೂತ್ರದ ತೊಂದರೆ ಕಡಿಮೆಯಾದದ್ದೇ ಹೊಸ ಮದ್ದಿನ ಹೆಚ್ಚಳ. ಮರುವರ್ಷ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ೫೦೦ರಿಂದ ೯೯೯ ಗ್ರಾಂ ತೂಕದ ೧೨೦೨ ಶಿಶುಗಳಿದ್ದವು. ಇಂಡೊಮೆಥಸಿನ್ನನ್ನು ಮುಂಜಾಗ್ರತೆಯಾಗಿ ಕೊಟ್ಟಾಗ ತೆರೆದ ನಾಳದ ಪ್ರಮಾಣ ಶೇಕಡ ೫೦ರಿಂದ ೨೪ಕ್ಕೆ ಇಳಿಯಿತು. ಮೆದುಳಿನ ತೀವ್ರ ರಕ್ತಸ್ರಾವ ೧೩ರಿಂದ ೯ಕ್ಕೆ. ಆದರೆ ಹದಿನೆಂಟು ತಿಂಗಳ ಹೊತ್ತಿಗೆ ಸಾವು ಅಥವಾ ನರಸಂಬಂಧವಾದ ಕುಂದು ಮದ್ದು ಪಡೆದವರಲ್ಲಿ ಶೇಕಡ ೪೭, ಪಡೆಯದವರಲ್ಲಿ ೪೬.

ಚಿಕಿತ್ಸೆಯನ್ನೇ ಪ್ರಶ್ನಿಸಿದ ಪರೀಕ್ಷೆಗಳು ಬಂದದ್ದು ಇನ್ನೂ ತಡವಾಗಿ. ೨೦೨೩ರಲ್ಲಿ ವರದಿಯಾದ ಯೂರೋಪಿನ ಪರೀಕ್ಷೆಯಲ್ಲಿ ೨೮ ವಾರ ತುಂಬದ ೨೭೩ ಶಿಶುಗಳಿದ್ದವು. ಸಾವು, ಕರುಳಿನ ಉಗ್ರವ್ಯಾಧಿ, ದೀರ್ಘಕಾಲದ ಶ್ವಾಸಕೋಶರೋಗ, ಇವುಗಳಲ್ಲೊಂದು ಐಬುಪ್ರೊಫೆನ್ ಪಡೆದವರಲ್ಲಿ ಶೇಕಡ ೬೩.೫ರಷ್ಟು, ಕಾದು ನೋಡಿದವರಲ್ಲಿ ೪೬.೩ರಷ್ಟು ಕಂಡಿತು. ೨೦೨೪ರಲ್ಲಿ ಬಂದ ಬ್ರಿಟನ್ನಿನ ೬೫೩ ಶಿಶುಗಳ ಪರೀಕ್ಷೆಯಲ್ಲಿಯೂ ಮದ್ದಿನಿಂದ ಸಾವಾಗಲಿ ಶ್ವಾಸಕೋಶರೋಗವಾಗಲಿ ಕಡಿಮೆಯಾಗಲಿಲ್ಲ.

ಇದರಿಂದ ಮದ್ದು ಯಾರಿಗೂ ಬೇಡವೆಂದು ತೀರ್ಮಾನಿಸಿದರೆ, ವಿಜಯದ ಕಥೆಯ ಸ್ಥಾನದಲ್ಲಿ ಸೋಲಿನ ಕಥೆಯನ್ನು ಇಟ್ಟಂತಾದೀತು. ಈ ಸಂದೇಹವನ್ನು ಎತ್ತಿದವರೂ ಪರೀಕ್ಷಿಸಿದವರೂ ವೈದ್ಯರೇ. ಆ ಗೌರವ ಅವರಿಗೆ ಸಲ್ಲಬೇಕು. ಚರಿತ್ರಕಾರರು ಮಾತ್ರ ೧೯೭೬ರಲ್ಲಿಯೇ ನಿಂತಿದ್ದಾರೆ. ಈ ನಡುವೆ ರಕ್ತನಾಳದ ಮೂಲಕ ಸಾಗಿಸಿ ನಾಳವನ್ನು ಮುಚ್ಚುವ ಪುಟ್ಟ ಸಾಧನವೊಂದಕ್ಕೆ, ೭೦೦ ಗ್ರಾಂ ಮತ್ತು ಅದಕ್ಕೆ ಮೇಲ್ಪಟ್ಟ ತೂಕದ ಶಿಶುಗಳಿಗಾಗಿ, ೨೦೧೯ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ನಾಳವನ್ನು ಎಷ್ಟು ಬಾರಿ ಮುಚ್ಚಿತೆಂಬ ಲೆಕ್ಕದ ಜೊತೆಗೆ, ಕಾದು ನೋಡಿದ ಶಿಶುಗಳ ಲೆಕ್ಕವನ್ನೂ ಈ ಸಲ ಕೇಳಬೇಕಾಗಿದೆ.