ಜೋಗುಳದ ಪ್ರಶ್ನೆ, ಪದ್ಯದ ತೀರ್ಪು

ಹೊರನಾಡಿನಲ್ಲಿ ನಾಲ್ಕು ಜನ ಕನ್ನಡಿಗರು ಕೂಡಿದರೆ ಮಾತು ಸುತ್ತಿ ಬಳಸಿ ಒಂದೇ ಕಡೆಗೆ ಬಂದು ನಿಲ್ಲುತ್ತದೆ: ಮಕ್ಕಳಿಗೆ ಕನ್ನಡ ಬರುತ್ತದೆಯೆ? ಬರುವುದಿಲ್ಲವೆಂದು ತಲೆ ತಗ್ಗಿಸಿದವರಿಗೆ ಉಳಿದವರು ಕೊಡುವ ಸಲಹೆಯೂ ಒಂದೇ. ಒಳ್ಳೆಯ ಶಿಶುಗೀತೆ ಕಲಿಸಿ, ಒಳ್ಳೆಯ ಪುಸ್ತಕ ಓದಿ ಹೇಳಿ. ಒಳ್ಳೆಯದು ಯಾವುದು, ಅದು ಏಕೆ ಒಳ್ಳೆಯದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಾದಂಬರಿಯನ್ನು ಎಳೆ ಎಳೆಯಾಗಿ ಬಿಡಿಸುವ ನಮ್ಮ ವಿಮರ್ಶಕರು ಮಕ್ಕಳ ಪದ್ಯದ ಎದುರಿಗೆ ಬಂದಾಗ ಬೆನ್ನು ತಟ್ಟಿ ಮುಂದೆ ನಡೆಯುತ್ತಾರೆ. ನಾವು ಸಾಹಿತ್ಯದ ವಿದ್ಯಾರ್ಥಿಗಳಲ್ಲ. ಓದಿದ್ದು ವಿಜ್ಞಾನ, ದಿನ ಕಳೆಯುವುದು ಕಡತಗಳ ನಡುವೆ. ಆದರೂ ಮಗುವೊಂದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೆಲವು ವರ್ಷ ಹಾಡಿ, ಓದಿ ಕಂಡುಕೊಂಡ ಒಂದು ಸಂಗತಿಯನ್ನು ವಾಚಕರ ಮುಂದಿಡಬಹುದೆಂದು ತೋರಿತು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಆಗ ಕೊಚ್ಚಿಯಲ್ಲಿದ್ದೆವು. ಮಗಳಿಗೆ ನಾಲ್ಕು ವರ್ಷ ತುಂಬಿರಲಿಲ್ಲ. ಒಂದು ಸಮಾರಂಭದಲ್ಲಿ ಮಕ್ಕಳಿಂದ ಕನ್ನಡ ಪದ್ಯ ಹೇಳಿಸುವ ಕಾರ್ಯಕ್ರಮವಿತ್ತು. ನಾಡಿನ ಹಿರಿಮೆಯನ್ನು ಕೊಂಡಾಡುವ ಹದಿನಾರು ಸಾಲಿನ ಪದ್ಯವೊಂದನ್ನು ಆರಿಸಿ, ಮೂರು ವಾರ ಬೆಳಗೂ ಸಂಜೆಯೂ ಉರು ಹೊಡೆಸಿದೆವು. ಅದರ ಅರ್ಧ ಶಬ್ದಗಳು ಅವಳಿಗೆ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಒಂದೆರಡಕ್ಕೆ ನಾವೂ ನಿಘಂಟು ತೆರೆಯಬೇಕಾಯಿತು. ವೇದಿಕೆ ಹತ್ತಿದ ಮಗು ಐದನೆಯ ಸಾಲಿಗೆ ನಿಂತಿತು. ನಮ್ಮ ಕಡೆ ನೋಡಿತು. ಕೆಳಗಿನಿಂದ ನಾವು ತುಟಿಯಾಡಿಸಿ ಸಾಲು ಹೇಳಿಕೊಟ್ಟೆವು. ಅದು ಅಳತೊಡಗಿತು. ಜನ ಪ್ರೀತಿಯಿಂದಲೇ ಚಪ್ಪಾಳೆ ತಟ್ಟಿದರು. ನಮಗೆ ಮಾತ್ರ ಅವಮಾನವಾದಂತಾಯಿತು, ಆ ಅವಮಾನ ನಮ್ಮ ಮುಖದಲ್ಲಿ ಮಗುವಿಗೆ ಕಾಣಿಸಿತು. ಅಂದಿನಿಂದ ಒಂದು ತಿಂಗಳು ನಾವು ಯಾವ ಕನ್ನಡ ಹಾಡು ಎತ್ತಿದರೂ ಎರಡು ಕೈಯಿಂದ ಕಿವಿ ಮುಚ್ಚಿಕೊಂಡು 'ವೇಂಡ' ಎನ್ನುತ್ತಿತ್ತು. 'ಬೇಡ' ಎಂಬುದನ್ನೂ ಮಲಯಾಳದಲ್ಲೇ ಹೇಳಿತು.

ಅಷ್ಟರಲ್ಲಿ ತಿರುವನಂತಪುರಕ್ಕೆ ವರ್ಗವಾಯಿತು. ಎರ್ನಾಕುಳಂನಿಂದ ಸುಮಾರು 200 ಕಿಲೋಮೀಟರಿನ ಹಾದಿ. ಬೆಳಗಿನ ಜಾವದ ವಂಚಿನಾಡ್ ಎಕ್ಸ್‌ಪ್ರೆಸ್ ಹಿಡಿದೆವು. ಅರ್ಧ ನಿದ್ರೆಯಲ್ಲಿ ಎಬ್ಬಿಸಿದ್ದರಿಂದ ಮಗುವಿನ ರಗಳೆ. ನಾವು ಹಾಡುವಂತಿಲ್ಲ, ಕಿವಿ ಮುಚ್ಚುತ್ತಾಳೆ. ಎದುರು ಸೀಟಿನಲ್ಲಿದ್ದ ವಯಸ್ಸಾದ ಮಲಯಾಳಿ ತಾಯಿಯೊಬ್ಬರು 'ಇಲ್ಲಿ ಬಾ ಮೋಳೇ' ಎಂದು ಕರೆದು ಮಡಿಲಿಗೆ ಎಳೆದುಕೊಂಡು ಮೆಲ್ಲನೆ ಹಾಡತೊಡಗಿದರು. ರೈಲು ಕೋಟ್ಟಯಂ ಮುಟ್ಟುವ ಹೊತ್ತಿಗೆ ಮಗು ಮಲಗಿತ್ತು. ಆ ಹಾಡು ಕೇರಳದ ಮನೆ ಮನೆಯಲ್ಲಿ ಕೇಳುವ 'ಓಮನತ್ತಿಂಗಳ್ ಕಿಡಾವೋ'.

ಈ ಜೋಗುಳದ ಚರಿತ್ರೆ ಹಲವರಿಗೆ ತಿಳಿದಿರಬಹುದು. ತಿರುವಿತಾಂಕೂರಿನ ರಾಜಮನೆತನಕ್ಕೆ ಗಂಡು ಉತ್ತರಾಧಿಕಾರಿ ಇಲ್ಲದಿದ್ದ ಕಾಲದಲ್ಲಿ, 1813ರಲ್ಲಿ, ರಾಣಿ ಗೌರಿ ಲಕ್ಷ್ಮೀಬಾಯಿಗೆ ಗಂಡು ಮಗು ಹುಟ್ಟಿತು. ಆ ಮಗುವಿಗಾಗಿ ಆಸ್ಥಾನ ಕವಿ ಇರಯಿಮ್ಮನ್ ತಂಬಿ (1782–1856) ಇದನ್ನು ರಚಿಸಿದರೆಂಬುದು ಎಲ್ಲರೂ ಒಪ್ಪಿಕೊಂಡು ಬಂದ ಮಾತು. ಮಗು ಇನ್ನೂ ಎಳೆಯದಿರುವಾಗಲೇ ತಾಯಿ ತೀರಿಕೊಂಡಳು. ಆ ಮಗುವೇ ಮುಂದೆ ದೊರೆಯೂ ವಾಗ್ಗೇಯಕಾರನೂ ಆದ ಸ್ವಾತಿ ತಿರುನಾಳ್. 33 ವರ್ಷವಷ್ಟೇ ಬಾಳಿ 1846ರಲ್ಲಿ ತೀರಿಕೊಂಡ ಈತ ಸಂಸ್ಕೃತ, ಮಲಯಾಳ, ತೆಲುಗು, ಹಿಂದೂಸ್ತಾನಿಗಳ ಜೊತೆಗೆ ಕನ್ನಡದಲ್ಲೂ ಕೆಲವು ಹಾಡು ಕಟ್ಟಿದ್ದಾನೆಂಬುದು ನಮಗೆ ಹೆಮ್ಮೆಯ ಸಂಗತಿ.

ನಾವು ಹೇಳಹೊರಟಿರುವುದು ಚರಿತ್ರೆಯನ್ನಲ್ಲ, ಹಾಡಿನ ಕಟ್ಟಡವನ್ನು. ಇದು ಜೋಗುಳವಾದರೂ ಎಲ್ಲಿಯೂ ಮಗುವಿಗೆ 'ಮಲಗು' ಎಂದು ಹೇಳುವುದಿಲ್ಲ. ನಿದ್ರೆ ಎಂಬ ಮಾತೇ ಇದರಲ್ಲಿಲ್ಲ. ಹಾಡಿನುದ್ದಕ್ಕೂ ಇರುವುದು ಪ್ರಶ್ನೆ. ನೀನು ಚಂದ್ರನ ಕೂಸೋ, ತಾವರೆಯೋ, ಹೂವಿನ ಜೇನೋ, ಹವಳವೋ, ನವಿಲೋ, ಕೋಗಿಲೆಯೋ, ಜಿಂಕೆಯ ಮರಿಯೋ ಎಂದು ಕೇಳುತ್ತಲೇ ಹೋಗುತ್ತದೆ. ಹಾಡಿನ 'ತಿಂಗಳ್' ಹಳಗನ್ನಡದ ತಿಂಗಳೇ. ಇಂದಿಗೂ 'ತಿಂಗಳ ಬೆಳಕು' ಎನ್ನುತ್ತೇವಲ್ಲ. ಮುಂದೆ ರಾಜ್ಯವಾಳಬೇಕಾದ ಮಗು ಅದು. ಹುಟ್ಟುವ ಮೊದಲೇ ದೊರೆಯೆಂದು ನಿಶ್ಚಯವಾಗಿದ್ದ ಮಗು. ಆದರೂ ಕವಿ 'ನೀನು ಹೀಗಾಗು' ಎನ್ನಲಿಲ್ಲ. 'ನೀನು ಯಾರು' ಎಂದು ಬೆರಗಾಗಿ ಕೇಳಿದ. ಇನ್ನೂರು ವರ್ಷ ಕಳೆದರೂ, ಅರಮನೆಯ ಹಾಡೊಂದು ರೈಲಿನ ಮಡಿಲಿಗೆ ಇಳಿದು ಬಂದಿರುವುದಕ್ಕೆ ಕಾರಣ ಇದೇ ಎಂದು ನಮಗೆ ಅನ್ನಿಸುತ್ತದೆ.

ಹೊಸ ಊರಿನಲ್ಲಿ ಆ ಹಾಡನ್ನು ನಾವೂ ಹಾಡತೊಡಗಿದೆವು. ನಮ್ಮ ಮಲಯಾಳ ಅಷ್ಟಕ್ಕಷ್ಟೆ. ಮೂರನೆಯ ಪ್ರಶ್ನೆಗೆ ಶಬ್ದ ಮರೆತಾಗ ಕನ್ನಡದಲ್ಲಿ ಬಾಯಿಗೆ ಬಂದದ್ದನ್ನು ತುಂಬಿದೆವು: ಬೆಲ್ಲದಚ್ಚೋ? ಹಲಸಿನ ತೊಳೆಯೋ? ಅಳಿಲು ಮರಿಯೋ? ಮಗು ಕಣ್ಣು ತೆರೆದು ಕಿಲಕಿಲ ನಕ್ಕು, 'ಅಲ್ಲ, ನಾನು ಆನೆ' ಎಂದಿತು. ಒಂದು ತಿಂಗಳ ಮೇಲೆ ಅವಳಾಗಿ ಆಡಿದ ಮೊದಲ ಕನ್ನಡ ವಾಕ್ಯ ಅದು. ನಮ್ಮ ಮನೆಯಾಕೆ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿ ಬಂದಳು.

ಅಂದಿನಿಂದ ಮಕ್ಕಳ ಹಾಡನ್ನೂ ಪುಸ್ತಕವನ್ನೂ ಅಳೆಯಲು ನಮಗೊಂದು ಅಳತೆಗೋಲು ಸಿಕ್ಕಿತು: ಇದರಲ್ಲಿ ಮಗುವಿಗೆ ಆಡಲು ಒಂದು ಸರದಿ ಇದೆಯೆ? ಇದ್ದರೆ ಅದು ಹಂಚಿಕೊಂಡ ಹಾಡು. ಇಲ್ಲದಿದ್ದರೆ ಹೇರಿದ ಹಾಡು. ಈ ಗೋಲಿನಿಂದ ಕನ್ನಡದ ಕೆಲವು ಪ್ರಸಿದ್ಧ ಕೃತಿಗಳನ್ನು ಅಳೆದು ನೋಡೋಣ.

ಪಂಜೆ ಮಂಗೇಶರಾಯರ (1874–1937) ನಾಗರಹಾವಿನ ಪದ್ಯ ಈ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗುತ್ತದೆ. ಮಾತನಾಡುವುದು ಹಾವಿನೊಡನೆ. ಮೊದಲು ಅದನ್ನು ಕರೆಯುತ್ತಾರೆ, ಆಮೇಲೆ ಅದರಿಂದ ಚಿನ್ನ ಕೇಳುತ್ತಾರೆ, ಕೊನೆಗೆ ಹೊರಗೆ ಅಟ್ಟುತ್ತಾರೆ. ಪ್ರತಿ ನುಡಿಯ ಕೊನೆಯಲ್ಲೂ ಒಂದೇ ಅಕ್ಷರದ ಕೂಗು ಮತ್ತೆ ಮತ್ತೆ ಬರುತ್ತದೆ. ಮಾತು ಪೂರ್ತಿ ಬಾರದ ಎರಡು ವರ್ಷದ ಕೂಸೂ ಆ ಕೂಗಿಗೆ ದನಿಗೂಡಿಸಬಲ್ಲದು. ಉಳಿದ ಸಾಲು ಅಪ್ಪನದು, ಕೂಗು ಮಗುವಿನದು. ಹಾವಿನ ಬಗ್ಗೆ ಇರುವ ಆಸೆಯೂ ಭಯವೂ ಎರಡೂ ಪದ್ಯದಲ್ಲಿವೆ. ನೀತಿ ಮಾತ್ರ ಇಲ್ಲ. ಪಂಜೆಯವರು ಶಾಲೆಗಳ ಇನ್ಸ್‌ಪೆಕ್ಟರಾಗಿದ್ದವರು. ತರಗತಿಯ ಬೆತ್ತವನ್ನು ಪದ್ಯದೊಳಗೆ ತರದಿರುವುದು ಅವರ ದೊಡ್ಡತನ.

ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯದ ಕಥೆ ಬೇರೆ. ಹುಡುಗ ತಗಡಿನ ತುತ್ತೂರಿ ಕೊಂಡು ಸ್ವರಗಳನ್ನು ಏರಿಸಿ ಇಳಿಸಿ ಊದುತ್ತಾನೆ, ಬೀಗುತ್ತಾನೆ, ಕೊಳದ ಬಳಿ ತುತ್ತೂರಿ ನೀರಿಗೆ ಜಾರಿ ಬೀಳುತ್ತದೆ. ನೀರು ಹೊಕ್ಕ ತುತ್ತೂರಿಯಿಂದ ಸ್ವರದ ಬದಲು ಬರೀ ಸದ್ದು ಬರುತ್ತದೆ. ಇಲ್ಲಿಯವರೆಗೆ ಇದಕ್ಕೆ ಸಾಟಿಯಾದ ಶಿಶುಗೀತೆ ನಮ್ಮಲ್ಲಿ ವಿರಳ. ಆದರೆ ಕೊನೆಯಲ್ಲಿ ಕವಿ ಮೇಷ್ಟರಾಗಿ, ಜಂಬಕ್ಕೆ ಶಿಕ್ಷೆಯಾಯಿತೆಂದು ತೀರ್ಪು ಕೊಡುತ್ತಾರೆ. ನಮ್ಮ ಮಗಳು ಆ ಕೊನೆಯ ಸಾಲಿಗೆ ಬಂದಾಗಲೆಲ್ಲ ಮುಖ ಸಿಂಡರಿಸಿ, 'ಹೊಸ ತುತ್ತೂರಿ ಕೊಡಿಸು' ಎನ್ನುತ್ತಾಳೆ. ನಾಲ್ಕು ವರ್ಷದ ಮಗು ತನ್ನ ಹೊಸ ಆಟಿಕೆಯ ಬಗ್ಗೆ ಸಂತೋಷಪಡುವುದನ್ನು ಜಂಬವೆಂದು ಕರೆಯಬಹುದೆ? ರಾಜರತ್ನಂ ಅವರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಹೇಳುತ್ತೇವೆ: ಈ ಪದ್ಯ ಬದುಕಿರುವುದು ಸ್ವರಗಳಿಂದ, ತೀರ್ಪಿನಿಂದಲ್ಲ. ಅವರನ್ನು ಅನುಕರಿಸಿದ ನೂರಾರು ಮಂದಿಯ ಕೈಯಲ್ಲಿ ಸ್ವರ ಹೋಗಿ ತೀರ್ಪು ಮಾತ್ರ ಉಳಿಯಿತು.

ಇಲ್ಲಿ ಕೊಚ್ಚಿಯ ಒಂದು ನೆನಪು ಬರುತ್ತದೆ. ಎರ್ನಾಕುಳಂನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, 1965ರಲ್ಲಿ ಮೊತ್ತಮೊದಲ ಜ್ಞಾನಪೀಠ ಪ್ರಶಸ್ತಿ ಪಡೆದ ಮಹಾಕವಿ ಜಿ. ಶಂಕರ ಕುರುಪ್ ಅವರು ಮಕ್ಕಳಿಗಾಗಿ ಪ್ರಕಟಿಸಿದ ಒಂದು ಕವನ ಸಂಗ್ರಹದ ಹೆಸರು 'ಓಲಪ್ಪೀಪ್ಪಿ'. ಅಂದರೆ ಗರಿಯ ಪೀಪಿ. ನೆರೆಮನೆಯ ಹಿರಿಯರೊಬ್ಬರು ತೆಂಗಿನ ಗರಿ ಸುತ್ತಿ ನಮ್ಮ ಮಗಳಿಗೆ ಅಂಥದೊಂದನ್ನು ಮಾಡಿಕೊಟ್ಟಿದ್ದರು. ಅದು ಸಂಜೆಗೆ ಬಾಡಿತು; ಮರುದಿನ ಇನ್ನೊಂದು ಮಾಡಿದರಾಯಿತು. ಹಾಳಾದ ಪೀಪಿ ಅಲ್ಲಿ ಪಾಠವಾಗಲಿಲ್ಲ, ಮತ್ತೆ ಜೊತೆಯಾಗಿ ಕೂರಲು ನೆಪವಾಯಿತು.

ಪುರಂದರದಾಸರ ಗುಮ್ಮನ ಹಾಡನ್ನು ನೋಡಿ. ಮಗುವೇ ತಾಯಿಯನ್ನು ಬೇಡಿಕೊಳ್ಳುತ್ತದೆ: ಹೇಳಿದಂತೆ ಕೇಳುತ್ತೇನೆ, ಗುಮ್ಮನನ್ನು ಮಾತ್ರ ಕರೆಯಬೇಡ. ಮಕ್ಕಳನ್ನು ಹೆದರಿಸುವ ನಮ್ಮ ಮನೆಮನೆಯ ಪದ್ಧತಿಯನ್ನು ಹೆದರಿದವರ ಬಾಯಿಂದಲೇ ಹೇಳಿಸಿದ್ದಾರೆ ದಾಸರು. ಸುಮಾರು ಐದು ಶತಮಾನದ ಹಿಂದಿನ ಈ ಹಾಡು ಮಗುವಿನ ಪರವಾಗಿ ನಿಂತಷ್ಟು ಇಂದಿನ ಎಷ್ಟು ಪದ್ಯಗಳು ನಿಂತಿವೆ?

ತಿರುವನಂತಪುರದಲ್ಲಿ ಮಗಳನ್ನು ಸಂಗೀತ ಪಾಠಕ್ಕೆ ಸೇರಿಸಿದೆವು. ಮಲಯಾಳಿ ಟೀಚರು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಆರಂಭಿಸಿದರು. ಸ್ವರ ಏರಿ ಇಳಿದೊಡನೆ ಮಗು ಎದ್ದು ನಿಂತು, ಇದು ತುತ್ತೂರಿ ಹುಡುಗನ ಹಾಡೆಂದು ಸಾರಿ, ರಾಜರತ್ನಂ ಅವರನ್ನು ಅಪ್ಪಟ ಕನ್ನಡದಲ್ಲಿ ಒಪ್ಪಿಸಿತಂತೆ. ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂಬುದು ಸಂಪ್ರದಾಯ. ಮುಂದೆ ಬರುವ ಮಲಹರಿ ರಾಗದ ಪಿಳ್ಳಾರಿ ಗೀತೆಗಳಲ್ಲಿ ತಿಳಿಗನ್ನಡದ್ದೂ ಉಂಟು. ಮೈಸೂರು ಆಸ್ಥಾನದಲ್ಲಿದ್ದಾಗ ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ 108 ಕೃತಿ ರಚಿಸಿದ ಮುತ್ತಯ್ಯ ಭಾಗವತರೇ, 1939ರಲ್ಲಿ ಆರಂಭವಾಗಿ ಈಗ ಸ್ವಾತಿ ತಿರುನಾಳರ ಹೆಸರು ಹೊತ್ತಿರುವ ಇಲ್ಲಿನ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರು. ಕೇರಳದ ಹಾಡಿನೊಳಗೆ ಕನ್ನಡ ಹೀಗೆ ಮೊದಲೇ ಬಂದು ಕುಳಿತಿದೆ. ನಾವು ಬೆರಳಿಟ್ಟು ತೋರಿಸುವ ಮೊದಲೇ ಮಗು ಅದನ್ನು ತಾನಾಗಿ ಗುರುತಿಸಿತು.

ಪುಸ್ತಕದ ಮಾತಿಗೆ ಬರೋಣ. ತಿರುವನಂತಪುರದಲ್ಲಿ 1981ರಲ್ಲಿ ಸ್ಥಾಪಿತವಾದ ರಾಜ್ಯ ಬಾಲಸಾಹಿತ್ಯ ಸಂಸ್ಥೆಯಿದೆ; ಮಕ್ಕಳಿಗಾಗಿ ಪುಸ್ತಕಗಳನ್ನೂ 'ತಳಿರ್' ಎಂಬ ಪತ್ರಿಕೆಯನ್ನೂ ಹೊರತರುತ್ತದೆ. ಅದರ ಚಿತ್ರಪುಸ್ತಕಗಳನ್ನು ನಾವು ಅಕ್ಷರ ಕೂಡಿಸಿಕೊಂಡು ಓದಿ ಕನ್ನಡದಲ್ಲಿ ಹೇಳುತ್ತೇವೆ. ನಾವು ತಡವರಿಸಿದಲ್ಲಿ ಮಗಳು ತಿದ್ದುತ್ತಾಳೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದಲ್ಲಿ ಒಂದೇ ಚಿತ್ರಗಳ ಪುಸ್ತಕ ಹಲವು ಭಾಷೆಗಳಲ್ಲಿ ಬರುವುದರಿಂದ, ನೆರೆಮನೆಯ ಮಗುವೂ ನಮ್ಮ ಮಗುವೂ ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಜಗಳವಾಡಿಕೊಂಡು ಹೇಳುವುದುಂಟು. ಕನ್ನಡದ ಹಲವು ಚಿತ್ರಪುಸ್ತಕಗಳಲ್ಲಿ ಎರಡು ಕೊರತೆ ಎದ್ದು ಕಾಣುತ್ತದೆ. ಒಂದು, ಯಾವ ಮನೆಯಲ್ಲೂ ಆಡದ ಗ್ರಾಂಥಿಕ ಭಾಷೆ. ಮನೆಯ ಹೊರಗೆ ಕನ್ನಡವೇ ಕೇಳಿಸದ ಮಗುವಿಗೆ 'ಹೋಗುತ್ತಿರುವಳು' ಎಂಬುದು ಮೂರನೆಯ ಭಾಷೆ. ಎರಡು, ಕೊನೆಯ ಪುಟದಲ್ಲಿ ದಪ್ಪಕ್ಷರದ ನೀತಿ. ಅಪ್ಪ ಅಲ್ಲಿಗೆ ಬಂದಾಗ ದನಿ ಬದಲಾಗುತ್ತದೆ. ಮಗು ತೊಡೆಯಿಂದ ಇಳಿದು ಹೋಗುತ್ತದೆ. 1930ರ ದಶಕದಲ್ಲೇ ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲ ಪ್ರಪಂಚ'ದಲ್ಲಿ ಮಕ್ಕಳನ್ನು ಲೋಕದ ಸಂಗತಿಗಳ ಮುಂದೆ ಸಮಾನರಾಗಿ ನಿಲ್ಲಿಸಿದ್ದರು. ಆ ದಾರಿಯಲ್ಲಿ ನಾವು ಹೆಚ್ಚು ದೂರ ನಡೆಯಲಿಲ್ಲ.

ಹಾಗಾದರೆ ಮಕ್ಕಳಿಗೆ ನೀತಿ ಬೇಡವೆ ಎಂದು ಹಿರಿಯರು ಕೇಳಬಹುದು. ಬೇಕು. ಆದರೆ ಅದನ್ನು ಮಗು ನಮ್ಮ ನಡತೆಯಿಂದ ಹೇಗೂ ಓದಿಕೊಳ್ಳುತ್ತದೆ. ಹಾಡಿನ ಬಾಲಕ್ಕೆ ಕಟ್ಟಬೇಕಾಗಿಲ್ಲ. ಫೋನು ಮುಂದಿಟ್ಟರೆ ಅದೇ ಶಿಶುಗೀತೆ ನೂರು ಸಲ ಹಾಡುತ್ತದಲ್ಲ, ನಿಮ್ಮ ಅಪಸ್ವರವೇಕೆ ಎಂದೂ ಸ್ನೇಹಿತರು ಕೇಳಿದ್ದಾರೆ. ಫೋನು ಶಬ್ದ ಮರೆಯುವುದಿಲ್ಲ. ಆದ್ದರಿಂದ ಬೆಲ್ಲದಚ್ಚನ್ನು ತುಂಬುವುದೂ ಇಲ್ಲ, 'ಅಲ್ಲ, ನಾನು ಆನೆ' ಎಂದರೆ ಕೇಳಿಸಿಕೊಳ್ಳುವುದೂ ಇಲ್ಲ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ರಾಬರ್ಟ್ ಬ್ರೌನಿಂಗನ 1842ರ ಕವನವನ್ನು ತುಂಗೆಯ ದಡಕ್ಕೆ ತಂದ ಪದ್ಯ. ನಮ್ಮ ಮನೆಯಲ್ಲಿ ಈಗ ಅದರದೇ ಕಾಲ. ಊರ ಮಕ್ಕಳೆಲ್ಲ ಜೋಗಿಯ ನಾದದ ಹಿಂದೆ ಹೋದದ್ದು ಜೋಗಿಯ ಮೋಡಿಯಿಂದಷ್ಟೇ ಎಂದು ಮೊದಲು ತಿಳಿದಿದ್ದೆವು. ಈಗ ಓದುವಾಗ ಕಣ್ಣಿಗೆ ಬೀಳುವುದು, ಕೆಲಸ ಮಾಡಿಸಿಕೊಂಡು ಕೊಟ್ಟ ಮಾತಿಗೆ ತಪ್ಪಿದ ಹಿರಿಯರು. ಹೊರನಾಡಿನಲ್ಲಿ ನಮ್ಮ ಮಕ್ಕಳು ಬೇರೆ ಭಾಷೆಯ ಇಂಪಿನ ಹಿಂದೆ ಹೋದರೆ ಆ ಭಾಷೆಯನ್ನು ದೂರುತ್ತೇವೆ. ಅವರನ್ನು ವೇದಿಕೆ ಹತ್ತಿಸಿ ಚಪ್ಪಾಳೆ ನಾವು ತೆಗೆದುಕೊಂಡ ದಿನ, ಅವರಿಗೆ ಸಲ್ಲಬೇಕಾದುದನ್ನು ಕೊಟ್ಟಿದ್ದೆವೆ ಎಂದು ಕೇಳಿಕೊಳ್ಳುವುದಿಲ್ಲ.

ನಮ್ಮ ಮಗಳ ಕನ್ನಡದಲ್ಲಿ ಇಂದಿಗೂ ಮಲಯಾಳದ ಎಳೆ ಇದೆ. ಅದನ್ನು ತಿದ್ದುವ ಆತುರ ಈಗ ನಮಗಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ, 'ಅಪ್ಪಾ, ಇವತ್ತು ನೀನು ಏನು?' ಎಂದು ಅವಳೇ ಕೇಳುತ್ತಾಳೆ. ದಿನಕ್ಕೊಂದು ಉತ್ತರ ಹುಡುಕಬೇಕಾಗಿದೆ. ವಾಚಕರಲ್ಲಿ ಯಾರಾದರೂ ಒಳ್ಳೆಯದೊಂದನ್ನು ಸೂಚಿಸಿದರೆ ಉಪಕಾರವಾದೀತು.