ಹಿಟ್ಟಿನ ಕೋಳಿಯೂ ಫೋಮಿನ ಖಡ್ಗವೂ

ಜನ್ನ ಕವಿಯು ಕ್ರಿ.ಶ. 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಹಿಟ್ಟಿನ ಕೋಳಿಯನ್ನು ಅರಿಯದ ಶ್ರಾವಕರ ಮನೆ ಕನ್ನಡ ನಾಡಿನಲ್ಲಿ ವಿರಳ. ತಾಯಿಯ ಮಾತಿಗೆ ಕಟ್ಟುಬಿದ್ದು ಯಶೋಧರನು ಕಡಿದದ್ದು ಜೀವವುಳ್ಳ ಕೋಳಿಯನ್ನಲ್ಲ. ಆದರೂ ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಗತಿಯಲ್ಲಿ ಹಲವು ಭವಗಳನ್ನು ತೊಳಲಬೇಕಾಯಿತು. ಈ ಕಥೆಯನ್ನು ಒರೆಗಲ್ಲಾಗಿಟ್ಟು ಪರೀಕ್ಷಿಸಬೇಕಾದ ಆಟವೊಂದು ಅಮೆರಿಕದಲ್ಲಿ ಸುಮಾರು ಅರ್ಧ ಶತಮಾನದಿಂದ ಬೆಳೆದುಬಂದಿದೆ. ಅದು ಮೃದುವಾದ ಆಯುಧಗಳ ಕಾಳಗ. ಆ ದೇಶದಲ್ಲಿ ನೆಲೆಸಿದ ಜೈನ ಕುಟುಂಬಗಳ ಮಕ್ಕಳಿಗೆ ಇದು ಕಾಲೇಜಿನ ಮೈದಾನದಲ್ಲಿ ಎದುರಾಗಬಹುದಾದ್ದರಿಂದ, ಇದು ಹಿಂಸೆಯೇ ಅಲ್ಲವೇ ಎಂಬ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಈ ಬಗೆಯ ಸಂಘಗಳಲ್ಲಿ ಹಳೆಯದಾದ ‘ಡಾಗೊರ್‌ಹಿರ್’ 1977ರಲ್ಲಿ ವಾಷಿಂಗ್ಟನ್ ನಗರದ ಆಸುಪಾಸಿನಲ್ಲಿ ಆರಂಭವಾಯಿತು. ‘ಆಮ್ಟ್‌ಗಾರ್ಡ್’ 1983ರಲ್ಲಿ ಟೆಕ್ಸಾಸಿನ ಎಲ್ ಪಾಸೊದಲ್ಲಿ. ಫೈಬರ್‌ಗ್ಲಾಸ್ ಕಡ್ಡಿಗೋ ಪ್ಲಾಸ್ಟಿಕ್ ಕೊಳವೆಗೋ ದಪ್ಪನೆಯ ಫೋಮ್ ಸುತ್ತಿ, ಬಟ್ಟೆಯ ಹೊದಿಕೆ ತೊಡಿಸಿ ಖಡ್ಗ, ಈಟಿಗಳನ್ನು ಮಾಡುತ್ತಾರೆ. ಕಾಳಗಕ್ಕೆ ಮುನ್ನ ಪ್ರತಿಯೊಂದು ಆಯುಧವನ್ನೂ ಪರೀಕ್ಷಿಸಲಾಗುತ್ತದೆ. ಡಾಗೊರ್‌ಹಿರ್ ನಿಯಮದಂತೆ ತೋಳಿಗೆ ಏಟು ಬಿದ್ದರೆ ಆ ತೋಳನ್ನು ಬಳಸುವಂತಿಲ್ಲ. ಕಾಲಿಗೆ ಬಿದ್ದರೆ ಮಂಡಿಯೂರಿ ಕಾದಬೇಕು. ಎರಡು ಅಂಗಗಳು ಹೋದರೆ, ಅಥವಾ ಮುಂಡಕ್ಕೆ ಏಟು ತಾಗಿದರೆ, ಆಟಗಾರನು ಸತ್ತಂತೆ ಲೆಕ್ಕ. ಕೈಯಲ್ಲಿ ಹಿಡಿದ ಆಯುಧದಿಂದ ತಲೆಗೆ ಹೊಡೆಯುವುದು ನಿಷಿದ್ಧ.

ಯಶೋಧರನು ನಿರ್ಜೀವವಾದುದನ್ನು ಕೊಲ್ಲುವ ಸಂಕಲ್ಪದಿಂದ ಹೊಡೆದನು. ಇಲ್ಲಿನ ಆಟಗಾರನಾದರೋ ಜೀವವುಳ್ಳವನನ್ನು ನೋಯಿಸಬಾರದೆಂಬ ಸಂಕಲ್ಪದಿಂದ ಹೊಡೆಯುತ್ತಾನೆ. ಖಡ್ಗಕ್ಕೆ ಫೋಮ್ ಸುತ್ತಿದ್ದೇ ಅದಕ್ಕಾಗಿ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಆಟವನ್ನು ಸಂಕಲ್ಪೀ ಹಿಂಸೆಯೆಂದು ತಳ್ಳಿಹಾಕುವುದು ಆತುರದ ತೀರ್ಪಾದೀತು. ಪ್ರಮತ್ತಯೋಗವೇ ಹಿಂಸೆಯ ಮೂಲವೆಂದು ತತ್ತ್ವಾರ್ಥಸೂತ್ರವು ಹೇಳುವಾಗ, ನೋಡಬೇಕಾದುದು ಆಟದ ನಿಯಮವು ಆಟಗಾರನ ಮನಸ್ಸಿನಲ್ಲಿ ಯಾವ ಭಾವವನ್ನು ಪೋಷಿಸುತ್ತದೆ ಎಂಬುದನ್ನು. ಕಾಳಗದ ಪ್ರಕಾರಗಳು ಹಲವು. ಅವುಗಳ ಫಲವೂ ಒಂದೇ ಅಲ್ಲ.

ಕೊನೆಯವನೊಬ್ಬನೇ ಉಳಿಯುವವರೆಗೆ ಎಲ್ಲರೂ ಎಲ್ಲರನ್ನೂ ಹೊಡೆಯುವ ಪ್ರಕಾರ ಅತ್ಯಂತ ಸರಳ, ಅತ್ಯಂತ ದೋಷಯುಕ್ತ. ಇಲ್ಲಿ ಪಕ್ಕದಲ್ಲಿ ನಿಂತ ಗೆಳೆಯನ ಸೋಲನ್ನೂ ಬಯಸದೆ ಗೆಲುವಿಲ್ಲ. ಪರರ ವಧೆ, ಛೇದನಗಳನ್ನು ದ್ವೇಷದಿಂದ ಚಿಂತಿಸುವುದನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಅಪಧ್ಯಾನವೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿರುವುದು ಈ ಪ್ರಕಾರಕ್ಕೆ ನೇರವಾಗಿ ತಾಗುತ್ತದೆ. ಸತ್ತವನು ನಿಗದಿತ ಸ್ಥಳಕ್ಕೆ ಹೋಗಿ ಮತ್ತೆ ಜೀವ ತಳೆದು ಬರುವ ಪುನರುಜ್ಜೀವನದ ಪ್ರಕಾರ ಮೇಲ್ನೋಟಕ್ಕೆ ಸೌಮ್ಯ. ಆದರೆ ಮರಳಿ ಬಂದವನ ಕಣ್ಣು ಮೊದಲು ಅರಸುವುದು ತನ್ನನ್ನು ಹೊಡೆದವನನ್ನೇ ಅಲ್ಲವೇ? ಕಮಠನ ವೈರವು ಮರುಭೂತಿಯನ್ನು ಭವಭವಾಂತರಗಳಲ್ಲಿ ಬೆನ್ನಟ್ಟಿದ ಕಥೆಯನ್ನು ಬಲ್ಲವರು ಈ ಹೊಸ ಜನ್ಮವನ್ನು ಹಗುರವಾಗಿ ಕಾಣಲಾರರು. ಬಾವುಟವನ್ನು ತರುವ, ಸೇತುವೆಯನ್ನು ಕಾಯುವ ಪ್ರಕಾರಗಳು ಇವೆರಡಕ್ಕಿಂತ ಮೇಲು. ಅಲ್ಲಿ ಹೊಡೆತವು ಸಾಧನ ಮಾತ್ರ.

ಇವೆಲ್ಲಕ್ಕಿಂತ ಉತ್ತಮವಾದುದು ‘ಜಗ್ಗರ್’. 1989ರ ಚಲನಚಿತ್ರವೊಂದರಿಂದ ಹುಟ್ಟಿ ಜರ್ಮನಿಯಲ್ಲಿ ಬೇರೂರಿದ ಆಟವಿದು. ಪಕ್ಷಕ್ಕೆ ಐವರು. ನಾಲ್ವರ ಕೈಯಲ್ಲಿ ಮೃದುವಾದ ಆಯುಧ. ಐದನೆಯವನು ನಿರಾಯುಧ, ನಡುವಿನ ವಸ್ತುವನ್ನು ಎದುರಾಳಿಯ ಗುರಿಯಲ್ಲಿ ಇಡುವ ಅಧಿಕಾರ ಅವನೊಬ್ಬನದೇ. ಏಟು ತಿಂದವನು ಸಾಯುವುದಿಲ್ಲ. ತಾಳದ ಐದು ಪೆಟ್ಟುಗಳವರೆಗೆ ಮಂಡಿಯೂರಿ ಕುಳಿತು ಏಳುತ್ತಾನೆ. ಆಯುಧವಿಲ್ಲದವನಿಂದಲೇ ಗೆಲುವು ಸಾಧ್ಯವಾಗುವ ಕಾಳಗ ಬೇರೆಡೆ ಕಾಣಸಿಗುವುದು ಅಪರೂಪ. ಆ ವಸ್ತುವಿಗೆ ತಲೆಬುರುಡೆಯ ಹೆಸರನ್ನೂ ಆಕಾರವನ್ನೂ ಕೊಟ್ಟಿರುವುದು ಮಾತ್ರ ಅಸಹ್ಯ. ಒಂದು ತೆಂಗಿನಕಾಯಿಯ ಆಕಾರವಾಗಿದ್ದರೆ ಆಟಕ್ಕೇನೂ ಕುಂದಾಗುತ್ತಿರಲಿಲ್ಲ.

ಡಾಗೊರ್‌ಹಿರ್, ಆಮ್ಟ್‌ಗಾರ್ಡ್‌ಗಳಲ್ಲಿ ಮೆಚ್ಚತಕ್ಕ ಗುಣವೊಂದಿದೆ. ಏಟು ತಾಗಿತೇ ಎಂಬುದನ್ನು ಸಾಮಾನ್ಯವಾಗಿ ಹೇಳಬೇಕಾದವನು ತೀರ್ಪುಗಾರನಲ್ಲ, ಹೊಡೆದವನೂ ಅಲ್ಲ, ಏಟು ತಿಂದವನೇ. ತೂಕದ ಇಲಾಖೆಯವರು ಎಂದೂ ಬಾರದ ಅಂಗಡಿಯಲ್ಲಿ ವರ್ತಕನು ತನ್ನ ನಷ್ಟದ ಕಡೆಗೇ ತಕ್ಕಡಿ ಬಾಗಿದೆಯೆಂದು ತಾನೇ ಸಾರುವಂತಹ ಕೆಲಸವಿದು. ಸತ್ಯಾಣುವ್ರತಕ್ಕೆ ಇಷ್ಟು ಹತ್ತಿರವಾದ ಕ್ರೀಡಾನಿಯಮ ಕ್ರಿಕೆಟ್ಟಿನಲ್ಲಿಯೂ ಇಲ್ಲ. ಆದರೆ ಡಾಗೊರ್‌ಹಿರ್‌ನಲ್ಲಿ ಸಾಕಷ್ಟು ಬಲದಿಂದ ಬಿದ್ದ ಏಟಿಗೆ ಮಾತ್ರ ಬೆಲೆಯುಂಟು. ಎಷ್ಟು ಬಲ ಸಾಕು ಎಂಬುದನ್ನು ನಿರ್ಣಯಿಸುವವನೂ ಏಟು ತಿಂದವನೇ ಆದುದರಿಂದ, ಅವನ ಒಂದು ಸುಳ್ಳು ಎದುರಾಳಿಯ ಕೈಯನ್ನು ಮುಂದಿನ ಸಲ ಇನ್ನಷ್ಟು ಬಿರುಸಾಗಿಸುತ್ತದೆ. ಹೀಗೆ ಅಸತ್ಯವೇ ಹಿಂಸೆಗೆ ಬಾಗಿಲು ತೆರೆಯುತ್ತದೆ. ಬೆತ್ತದ ಆಯುಧಗಳಿಂದ ಕಾದುವ, 1966ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ಮತ್ತೊಂದು ಸಂಘದಲ್ಲಿ ಇಂಥವನನ್ನು ಖಡ್ಗಮೃಗದ ಚರ್ಮದವನೆಂದು ಹೀಯಾಳಿಸುವುದುಂಟು.

ಭರತ ಬಾಹುಬಲಿಯರ ಪ್ರಸಂಗದಲ್ಲಿಯೂ ಎಡವಿದ್ದು ಇದೇ ಸ್ಥಳದಲ್ಲಿ. ಸೈನ್ಯಗಳ ಸಂಹಾರವನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಿಯಮಬದ್ಧವಾದ, ಪ್ರಾಣಹಾನಿಯಿಲ್ಲದ ಕಾಳಗಗಳೇ. ಆ ವ್ಯವಸ್ಥೆಯನ್ನು ಯಾವ ಆಚಾರ್ಯರೂ ಹಳಿದಿಲ್ಲ. ಮೂರರಲ್ಲಿಯೂ ಸೋತ ಭರತನು ಸೋಲನ್ನು ಒಪ್ಪದೆ ಚಕ್ರವನ್ನು ಬಿಟ್ಟಾಗಲೇ ಕಾಳಗವು ಹಿಂಸೆಯ ಗಡಿಯನ್ನು ಮುಟ್ಟಿತು. ಗೆದ್ದ ತಮ್ಮನಿಗೆ ರಾಜ್ಯವೇ ಬೇಡವಾಯಿತು.

ಈ ಸಂಘಗಳ ಉಡುಪಿನ ವಿಷಯವೂ ಉಪೇಕ್ಷಿಸತಕ್ಕದ್ದಲ್ಲ. ಮುಂಡಕ್ಕೆ ಕವಚ ತೊಟ್ಟವನಿಗೆ ಏಟಿನಿಂದ ವಿನಾಯಿತಿ ದೊರೆಯುತ್ತದೆ, ಕವಚವೋ ಬಹಳ ಸಲ ದಪ್ಪನೆಯ ತೊಗಲಿನದು. ಖಡ್ಗದಲ್ಲಿ ಇಲ್ಲದ ದ್ರವ್ಯಹಿಂಸೆ ಕವಚದಲ್ಲಿ ನಿಜವಾಗಿಯೇ ಇದೆ. ಲೋಹದ ಕವಚಕ್ಕೂ ನಿಯಮದಲ್ಲಿ ಅವಕಾಶವುಂಟು, ಕವಚವಿಲ್ಲದೆಯೂ ಆಡಬಹುದು. ಮಗನ ಉಡುಪಿನ ಪೆಟ್ಟಿಗೆಯನ್ನು ತೆರೆದು ನೋಡುವ ತಾಯಿತಂದೆಯರು ಖಡ್ಗಕ್ಕಿಂತ ಮೊದಲು ಅದನ್ನು ನೋಡಲಿ.