ಮೌಲ್ಯಮಾದರಿ ಮತ್ತು ಬಿಟ್ಟುಹೋದ ಖಾತೆ

ಒಂದು ಉದ್ಯಮದ ಯೋಗ್ಯತೆಯನ್ನು ಅದರ ಆಸ್ತಿಪಟ್ಟಿಯಿಂದ ಅಳೆಯುವುದು ಹಳೆಯ ರೂಢಿ. ಅದು ಯಾರಿಗೆ ಏನನ್ನು ಕೊಡುತ್ತದೆ, ಪ್ರತಿಯಾಗಿ ಏನನ್ನು ಪಡೆಯುತ್ತದೆ ಎಂಬುದನ್ನು ನಕ್ಷೆಯಾಗಿ ಬರೆದು ವಿಶ್ಲೇಷಿಸುವುದು ಈಚಿನ ಪದ್ಧತಿ. ಇಂಥ ನಕ್ಷೆಯೇ ಮೌಲ್ಯಮಾದರಿ. ಮೇಲುನೋಟಕ್ಕೆ ಇದು ಲೆಕ್ಕಿಗರ ಉಪಕರಣ. ಆದರೆ ಯಾರ ಲಾಭವನ್ನು ಎಣಿಸಬೇಕು, ಯಾರ ನಷ್ಟವನ್ನು ಬಿಡಬಹುದು ಎಂಬ ನೈತಿಕ ನಿರ್ಣಯ ಅದರ ಮೊದಲ ಗೆರೆಯಲ್ಲಿಯೇ ಅಡಗಿರುತ್ತದೆ. ಈ ದೃಷ್ಟಿಯಿಂದ ಎರಡು ಪ್ರಸಿದ್ಧ ಮಾದರಿಗಳನ್ನು ಪರಿಶೀಲಿಸುವುದು ಉಚಿತ.

ಮೊದಲನೆಯದು, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಮೈಕೇಲ್ ಪೋರ್ಟರ್ ಅವರು 1985ರ ‘ಕಾಂಪಿಟಿಟಿವ್ ಅಡ್ವಾಂಟೇಜ್’ ಗ್ರಂಥದಲ್ಲಿ ಮಂಡಿಸಿದ ಮೌಲ್ಯಸರಣಿ. ಸರಕು ತರಿಸುವುದು, ಉತ್ಪಾದನೆ, ರವಾನೆ, ಮಾರಾಟ, ಅನಂತರದ ಸೇವೆ ಎಂಬ 5 ಮುಖ್ಯ ಕಾರ್ಯಗಳು. ಖರೀದಿ, ತಂತ್ರಜ್ಞಾನ, ಸಿಬ್ಬಂದಿ ನಿರ್ವಹಣೆ, ಆಡಳಿತ ವ್ಯವಸ್ಥೆ ಎಂಬ 4 ಪೋಷಕ ಕಾರ್ಯಗಳು. ಇವೆಲ್ಲವನ್ನೂ ಬಾಣದ ಆಕಾರದಲ್ಲಿ ಜೋಡಿಸಿದೆ. ಬಾಣದ ತುದಿಯಲ್ಲಿರುವುದು ಲಾಭಾಂಶ. ಸಂಬಳ, ಬಾಡಿಗೆ, ಸಾಗಣೆ ಎಂದು ಬಾಬ್ತುವಾರು ಬರೆದ ಲೆಕ್ಕಪುಸ್ತಕವು ಯಾವ ಕೆಲಸದಿಂದ ಗಿರಾಕಿಗೆ ಉಪಯೋಗವಾಯಿತೆಂದು ಹೇಳುವುದಿಲ್ಲ. ಖರ್ಚನ್ನು ಕೆಲಸವಾರು ಬಿಡಿಸಿ ತೋರಿಸಿದ್ದು ಪೋರ್ಟರ್ ಅವರ ನಿಜವಾದ ಕೊಡುಗೆ. ಆದರೆ ಗಿರಾಕಿ ಕೊಡಲು ಸಿದ್ಧನಿರುವ ಹಣವೇ ಮೌಲ್ಯ ಎಂಬುದು ಅವರ ವ್ಯಾಖ್ಯೆ. ಸರಬರಾಜುದಾರರ ಹಾಗೂ ಗಿರಾಕಿಗಳ ಸರಣಿಗಳನ್ನು ಅವರು ಗುರುತಿಸಿದ್ದರೂ, ಎಲ್ಲವನ್ನೂ ನೋಡುವುದು ನಡುವಿನ ಒಂದೇ ಸಂಸ್ಥೆಯ ಗದ್ದುಗೆಯಿಂದ.

ಎರಡನೆಯದು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆಮ್‌ಸ್ಟರ್‌ಡಾಮಿನ ವ್ರೈಯ ವಿಶ್ವವಿದ್ಯಾಲಯದಲ್ಲಿ ಯಾಪ್ ಗೋರ್ಡೈನ್ ಮತ್ತು ಹಾನ್ಸ್ ಆಕರ್‌ಮನ್ಸ್ 2000ದ ಆಸುಪಾಸಿನಲ್ಲಿ ರೂಪಿಸಿದ ‘ಇ3 ವ್ಯಾಲ್ಯೂ’ ವಿಧಾನ ಅದು. ಇದರಲ್ಲಿ ಕೇಂದ್ರಸ್ಥಾನ ಯಾರಿಗೂ ಇಲ್ಲ. ವ್ಯವಹಾರದ ಪ್ರತಿಯೊಬ್ಬ ಪಾತ್ರಧಾರಿಗೂ ಒಂದು ಚೌಕ. ಚೌಕಗಳ ನಡುವೆ ಸರಕು, ಹಣ, ಸೇವೆಗಳ ವಿನಿಮಯದ ಗೆರೆಗಳು. ಯಾವ ಕೆಲಸ ಮೊದಲು, ಯಾವುದು ನಂತರ ಎಂಬುದನ್ನು ಅದು ಬರೆಯುವುದಿಲ್ಲ. ಯಾರು ಯಾರಿಗೆ ಏನು ಕೊಟ್ಟರೆಂಬುದನ್ನಷ್ಟೇ ಬರೆಯುತ್ತದೆ. ಕೊಟ್ಟವನು ಪ್ರತಿಯಾಗಿ ಪಡೆಯಲೇಬೇಕೆಂಬುದು ಅದರ ಮೂಲನಿಯಮ. ಪ್ರತಿಯೊಬ್ಬರ ಜಮಾಖರ್ಚನ್ನೂ ಬೇರೆಬೇರೆಯಾಗಿ ತೆಗೆದು, ಒಬ್ಬನಿಗೆ ನಿರಂತರ ನಷ್ಟವಾಗುವಂತಿದ್ದರೆ ಇಡೀ ವ್ಯವಸ್ಥೆ ಬಾಳುವುದಿಲ್ಲವೆಂದು ಎಚ್ಚರಿಸುತ್ತದೆ. ಎದುರು ಪಕ್ಷದವನೂ ಉಳಿಯಬೇಕೆಂಬ ವಿವೇಕವನ್ನು ಹೀಗೆ ಶಾಸ್ತ್ರಬದ್ಧಗೊಳಿಸಿದ್ದು ಪ್ರಶಂಸನೀಯ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೇಳದೆಯೇ ಯಾರಿಂದ ಪಡೆಯಲಾಯಿತೋ, ಅವರ ಚೌಕ ಎಲ್ಲಿ?

ತಮಿಳುನಾಡಿನ ತಿರುಪ್ಪೂರನ್ನು ನೋಡಬಹುದು. ಹೊಸೈರಿ ಉಡುಪುಗಳ ರಫ್ತಿಗೆ ಹೆಸರಾದ ಆ ಊರಿನ ನಕ್ಷೆಯಲ್ಲಿ ನೂಲಿನವನು, ಬಣ್ಣ ಹಾಕುವವನು, ಹೊಲಿಸುವವನು, ರಫ್ತುದಾರ, ವಿದೇಶದ ಕೊಳ್ಳುವವನು ಎಲ್ಲರೂ ಇರುತ್ತಾರೆ. ಎಲ್ಲ ಗೆರೆಗಳೂ ಸರಿದೂಗುತ್ತವೆ. ಆದರೆ ಬಣ್ಣದ ಘಟಕಗಳ ಉಪ್ಪುನೀರು ನೊಯ್ಯಲ್ ನದಿಗೆ ಸೇರಿ, ಕೆಳಗಿನ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತಿತು; ರೈತರ ಬಾವಿಯೂ ಹೊಲವೂ ಕೆಟ್ಟವು. ಆ ರೈತ ಉಡುಪನ್ನು ಮಾರಿದವನಲ್ಲ, ಕೊಂಡವನೂ ಅಲ್ಲ. ಆದುದರಿಂದ ನಕ್ಷೆಯಲ್ಲಿ ಅವನಿಲ್ಲ. ಆದರೂ ಅವನು ತನ್ನ ನೀರನ್ನು ಕೊಟ್ಟಿದ್ದನು, ಬದಲಿಗೆ ಏನನ್ನೂ ಪಡೆದಿರಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು, ಮಲಿನಗೊಳಿಸಿದವನೇ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ಈ ಪ್ರಕರಣದಲ್ಲಿ ಎತ್ತಿಹಿಡಿಯಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿತು. ನಕ್ಷೆಯಲ್ಲಿ ಇಲ್ಲದವನೇ ಇಡೀ ಸರಣಿಯನ್ನು ನಿಲ್ಲಿಸಿದನು. ಅಲ್ಲಿಗೆ ಆ ಮಾದರಿಯ ದೋಷ ನೀತಿಯದಷ್ಟೇ ಅಲ್ಲ, ವಿಶ್ಲೇಷಣೆಯದೂ ಆಯಿತು.

ಅದೇ 2011ರಲ್ಲಿ ಪೋರ್ಟರ್, ಮಾರ್ಕ್ ಕ್ರೇಮರ್ ಅವರೊಡನೆ ‘ಹಂಚಿಕೊಂಡ ಮೌಲ್ಯ’ದ ಲೇಖನವನ್ನು ಪ್ರಕಟಿಸಿ, ಉದ್ಯಮಗಳು ಮೌಲ್ಯವನ್ನು ಸಂಕುಚಿತವಾಗಿ ಕಂಡಿವೆಯೆಂದು ತಾವೇ ಬರೆದರು. ಇದು ಸ್ವಾಗತಾರ್ಹ. ಆದರೆ ಅಲ್ಲಿಯೂ ಒತ್ತು ಬೀಳುವುದು ಸಮಾಜದ ಹಿತವೂ ಸಂಸ್ಥೆಯ ಲಾಭವೂ ಕೂಡಿಬರುವ ಎಡೆಗಳ ಮೇಲೆ. ಅವೆರಡೂ ಎದುರುಬದುರಾದಾಗ ಯಾವುದನ್ನು ಬಿಡಬೇಕೆಂಬುದೇ ನೀತಿಯ ನಿಜವಾದ ಪರೀಕ್ಷೆ; ಆ ಪರೀಕ್ಷೆಗೆ ಅಲ್ಲಿ ಸಾಕಷ್ಟು ಉತ್ತರವಿಲ್ಲ.

ಸಂಬಂಧಪಟ್ಟ ಎಲ್ಲರನ್ನೂ ಬರೆಯಹೊರಟರೆ ನಕ್ಷೆಗೆ ಕೊನೆಯೇ ಇರದೆಂದು ಆಕ್ಷೇಪಿಸಬಹುದು. ಎಲ್ಲರನ್ನೂ ಬರೆಯಬೇಕಿಲ್ಲ. ಯಾರ ನೀರು, ಗಾಳಿ, ನೆಲ ಅಥವಾ ದೇಹಬಲ ಒಪ್ಪಿಗೆಯಿಲ್ಲದೆ, ಬೆಲೆಯಿಲ್ಲದೆ ಬಳಕೆಯಾಗುತ್ತಿದೆಯೋ ಅವರಿಗೊಂದು ಚೌಕವಿರಲಿ. ಅವರಿಗೆ ಮರಳುವ ಗೆರೆಯನ್ನು ಎಳೆಯಲಾಗದಿದ್ದರೆ ಆ ಜಾಗವನ್ನು ಖಾಲಿಯಾಗಿಯೇ ತೋರಿಸಲಿ. ವ್ಯಾಪಾರದ ಭಾಷೆಯಲ್ಲಿ ಅದಕ್ಕೆ ಬಾಕಿ ಎನ್ನುತ್ತಾರೆ. ಖಾತೆ ತೆರೆಯದಿದ್ದ ಮಾತ್ರಕ್ಕೆ ಬಾಕಿ ತೀರುವುದಿಲ್ಲ.